ಭೋಜರಾಜ ಶೆಟ್ಟರ ಹರಕೆ ಮೀನು

ಹೆಮ್ಮಾಡಿಯ ಭೋಜರಾಜ ಶೆಟ್ಟರು ಸುಳ್ಳುಗಾರರಲ್ಲ. ಅವರು ಹೇಳುವುದೆಲ್ಲ ನಿಜವೇ. ಕೆಲವು ನಿಜಗಳು ಮಾತ್ರ ಅವರು ಹೇಳುವ ಹೊತ್ತಿಗೆ ಇನ್ನೂ ಆಗಿರುವುದಿಲ್ಲ. ಅಂಥದೊಂದು ನಿಜವನ್ನು ಅವರು ಬೊಂಬಾಯಿಯ ಹೋಟೆಲೊಂದರ ಫ್ಯಾಮಿಲಿ ರೂಮಿನಲ್ಲಿ, ಮಸಾಲೆದೋಸೆಯ ಕೊನೆಯ ತುಂಡು ಇನ್ನೂ ಬಾಯಲ್ಲಿರುವಾಗಲೇ ಹೇಳಿಬಿಟ್ಟರು.

ಹೋದದ್ದು ಅಕ್ಕನ ಮಗಳು ಕುಸುಮಾವತಿಯ ಸಂಬಂಧದ ಮಾತಿಗೆ. ನಮ್ಮ ಕಡೆಯ ಶೆಟ್ಟರ ಮನೆಗಳಲ್ಲಿ ಹೆಣ್ಣಿಗೆ ಗಂಡು ಹುಡುಕುವುದು ಅಪ್ಪನ ಕೆಲಸವಲ್ಲ, ಸೋದರಮಾವನದು. ಅಕ್ಕ ಗುಲಾಬಿ ಶೆಡ್ತಿ ಎರಡು ವರ್ಷ ಕಾಲ ಊಟಕ್ಕೊಮ್ಮೆ ಇದನ್ನು ಜ್ಞಾಪಿಸಿದ ಮೇಲೆ ಶೆಟ್ಟರು ಬಸ್ಸು, ರೈಲು ಹಿಡಿದು ಎರಡು ದಿನದ ದಾರಿ ಸವೆಸಿ, ಹೋಟೆಲು ಮಾಲೀಕ ರಾಜೀವ ಶೆಟ್ಟರ ಮುಂದೆ ಹೋಗಿ ಕುಳಿತಿದ್ದರು. ಹುಡುಗ ರತ್ನಾಕರ ಈ ರಾಜೀವ ಶೆಟ್ಟರ ಅಕ್ಕನ ಮಗ. ಹೀಗೆ ಎರಡೂ ಕಡೆ ಮಾವಂದಿರದ್ದೇ ಮಾತು.

ರಾಜೀವ ಶೆಟ್ಟರ ಹತ್ತಿರ ಜನರಿಗೆ ತೋರಿಸತಕ್ಕ ವಸ್ತುಗಳು ಎರಡಿದ್ದವು. ಒಂದು, ಆ ವರ್ಷವೇ ಕಟ್ಟಿಸಿಕೊಂಡ ಹಲ್ಲಿನ ಸೆಟ್ಟು. ಅದನ್ನು ತೋರಿಸುವುದಕ್ಕೆಂದೇ ಅವರು ನಗು ಬಾರದ ಮಾತಿಗೂ ನಗುತ್ತಿದ್ದರು. ಮೇಲಿನ ಸಾಲು ಸ್ವಲ್ಪ ಸಡಿಲ. ಜೋರಾಗಿ ನಕ್ಕರೆ, ಅವರ ನಗು ಮುಗಿದ ಮೇಲೂ ಹಲ್ಲು ಅರೆಕ್ಷಣ ತಾನೇ ನಗುತ್ತಿತ್ತು. ಎರಡನೆಯದು, ಫ್ಯಾಮಿಲಿ ರೂಮಿನ ಗೋಡೆಗೆ ಒತ್ತಿ ಇಟ್ಟ ಗಾಜಿನ ತೊಟ್ಟಿ. ಅದರೊಳಗೆ ಚಿನ್ನದ ಬಣ್ಣದ ನಲವತ್ತು ಪುಟ್ಟ ಮೀನುಗಳು, ಯಾವ ಉದ್ಯೋಗವೂ ಇಲ್ಲದೆ, ಬಾಲ ಬೀಸಿಕೊಂಡು ತಿರುಗುತ್ತಿದ್ದವು.

"ಕಂಡ್ರ್ಯಾ?" ಎಂದರು ರಾಜೀವ ಶೆಟ್ಟರು. "ನಿಮ್ಮ್ ಊರಂಗೆ ಮೀನ್ ಅಂದ್ರೆ ಊಟದ್ ಪದಾರ್ಥ. ಇಲ್ಲ್ ಏಕ್‌ದಮ್ ಶೋಕಿ!"

ಊರಿನ ಮಾನ ಹೋಗುವುದನ್ನು ಭೋಜರಾಜ ಶೆಟ್ಟರು ಸುಮ್ಮನೆ ಕುಳಿತು ನೋಡಲಾರರು. "ನಮ್ಮನಿಯಂಗೂ ಇತ್ತಲೆ," ಎಂದುಬಿಟ್ಟರು. "ಇದ್ಕಿಂತ ದೊಡ್ಡ್ ಗಾಜಿನ್ ಪೆಟ್ಗಿ. ಐವತ್ ಮೀನ್."

ಅದುವರೆಗೆ ತಲೆಯೆತ್ತದೆ ಕುಳಿತಿದ್ದ ರತ್ನಾಕರ ಥಟ್ಟನೆ ತಲೆಯೆತ್ತಿದ. ತೊಟ್ಟಿಯ ನೀರು ಬದಲಿಸುವುದು, ಮೀನಿಗೆ ಕಾಳು ಹಾಕುವುದು, ಅವುಗಳ ಜೊತೆ ಮಾತಾಡುವುದು ಎಲ್ಲ ಅವನೇ. "ಐವತ್ತಾ? ಮಾವಯ್ಯ, ಇವ್ರ್ ಮನಿ ಕಾಣ್ಕ್!"

"ಬಪ್ಪು ವರ್ಷ ಮೇ ತಿಂಗ್ಳಂಗೆ ಊರಿಗ್ ಬತ್ತ್," ಎಂದು ರಾಜೀವ ಶೆಟ್ಟರು ನಕ್ಕರು. "ಹೆಣ್ಣೂ ಕಾಂಬ, ಮೀನೂ ಕಾಂಬ."

ನಕ್ಕು ಮುಗಿಸಿದರು. ಹಲ್ಲು ಮುಗಿಸಲಿಲ್ಲ.

ಊರಿಗೆ ಮರಳಿದ ವಾರದಲ್ಲೇ ಭೋಜರಾಜ ಶೆಟ್ಟರು, ಕುಂದಾಪುರದಲ್ಲಿ ಬಾಗಿಲು ಮುಚ್ಚಿದ ಮಿಠಾಯಿ ಅಂಗಡಿಯೊಂದರ ಗಾಜಿನ ಕಪಾಟನ್ನು ಎತ್ತಿನ ಗಾಡಿಯಲ್ಲಿ ಮಲಗಿಸಿಕೊಂಡು ತಂದರು. ಅದರ ಮೂಲೆಗಳಲ್ಲಿ ಇನ್ನೂ ಲಾಡುವಿನ ಪುಡಿಯಿತ್ತು. ಸಂದು ಮುಚ್ಚುವುದಕ್ಕೆ ಮರವಂತೆಯಿಂದ ದೋಣಿ ಕಟ್ಟುವ ಶೀನನನ್ನು ಕರೆಸಿದರು. ಶೀನ ಕಪಾಟಿನ ಸುತ್ತ ಮೂರು ಸುತ್ತು ಬಂದು, ತಲೆ ಕೆರೆದುಕೊಂಡ.

"ಅಲ್ದಾ ಶೆಟ್ರೆ, ನಾನ್ ಇಷ್ಟ್ ವರ್ಷ ಮಾಡದ್ದ್ ನೀರ್ ಒಳ್ಗ್ ಬರ್ದಿದ್ದಂಗೆ. ನೀರ್ ಹೊರ್ಗ್ ಹೋಗ್ದಿದ್ದಂಗೆ ಮಾಡುದ್ ಇದೇ ಸುರು. ಮೇಣ ಒಳ್ಗಿಂದ ಹಚ್ಚುದಾ, ಹೊರ್ಗಿಂದ್ವಾ?"

ಶೆಟ್ಟರಿಗೂ ತಿಳಿಯಲಿಲ್ಲ. ಎರಡೂ ಕಡೆ ಹಚ್ಚಿಸಿದರು. ಗಾಜು ಕಾಣುವುದು ನಡುವಿನಲ್ಲಿ ಒಂದು ಗೇಣು ಮಾತ್ರ ಉಳಿಯಿತು.

"ಮೀನಿಗ್ ಗಾಜಿನ್ ಮನಿ!" ಎಂದು ಗುಲಾಬಿ ಶೆಡ್ತಿ ಸೌಟು ಹಿಡಿದುಕೊಂಡೇ ಬಂದು ನೋಡಿದಳು. "ಮದ್ವಿಗ್ ಬಂದ್ ಹೆಣ್ಣಿಗ್ ತಲಿ ಬಾಚುಕೆ ಒಂದ್ ಕನ್ನಡಿ ಇಲ್ಲೆ."

ಇನ್ನು ಮೀನು. ಚಿನ್ನದ ಮೀನು ಎಲ್ಲಿ ಸಿಗುತ್ತದೆಂದು ಶೆಟ್ಟರು ಯಾರನ್ನೂ ಕೇಳುವಂತಿರಲಿಲ್ಲ, ಏಕೆಂದರೆ ಅವರ ಮನೆಯಲ್ಲಿ ಅದು ಮೊದಲೇ ಇತ್ತಲ್ಲ. ಮಳೆಗಾಲ ಹಿಡಿದು, ಗದ್ದೆ ತುಂಬಿ, ಒಂದು ಬೆಳಿಗ್ಗೆ ಅಂಚಿನ ಮೇಲೆ ಕೊಡೆ ಹಿಡಿದು ನಿಂತಿದ್ದಾಗ ಅವರು ಆ ದೃಶ್ಯ ಕಂಡರು. ಗದ್ದೆಯ ಮಗ್ಗುಲಲ್ಲಿ ಹರಿಯುವ ತೋಡಿನ ನೀರಿನಲ್ಲಿ, ಬೆರಳ ತುದಿಯಷ್ಟು ದೊಡ್ಡ ಮೀನುಗಳ ಗುಂಪೊಂದು, ಕೆಂಪಗೆ, ಕೆಂಡದ ಉಂಡೆಯಂತೆ ಹೊಳೆಯುತ್ತ ಉರುಳಿಕೊಂಡು ಬರುತ್ತಿತ್ತು. ಶೆಟ್ಟರು ಕೊಡೆ ಬಿಸಾಡಿ, ಪಂಚೆ ಬಿಚ್ಚಿ, ತೋಡಿಗೆ ಇಳಿದರು. ಮೀನು ಪಂಚೆಯೊಳಕ್ಕೂ ಶೆಟ್ಟರು ಕೆಸರೊಳಕ್ಕೂ ಒಂದೇ ಸಲ ಹೋದರು.

ಉಳುತ್ತಿದ್ದ ತಿಮ್ಮ ಓಡಿಬಂದು ಕೈಕೊಟ್ಟ. ಪಂಚೆಯೊಳಗೆ ಇಣುಕಿ, "ಒಡೆಯ, ಅದ್ ಅವಲಿನ್ ಮರಿ," ಎಂದ.

ಅವಲು ಎಂದರೆ ಹಾವಿನ ತಲೆ, ತೋಳಿನ ದಪ್ಪ, ನಾಯಿಯ ಹಲ್ಲು ಇರುವ ಕೆರೆಮೀನು. ಕಪ್ಪೆ, ಏಡಿ, ಹಾವಿನ ಮರಿ, ತನ್ನದೇ ತಮ್ಮ, ಯಾವುದನ್ನೂ ಬೇಡವೆನ್ನದು. ಹುಟ್ಟಿದ ಕೆಲವು ವಾರ ಮಾತ್ರ ಮೈ ಕೆಂಪಗಿರುತ್ತದೆ. ಹೊಳೆ, ಗದ್ದೆಯಲ್ಲಿ ಬದುಕಿದವರಿಗೆಲ್ಲ ಗೊತ್ತಿದ್ದ ಈ ಸಂಗತಿ, ಮೀನನ್ನು ಊಟದ ಬಾಳೆಯ ಮೇಲೆ ಮಾತ್ರ ಭೇಟಿಯಾಗುತ್ತಿದ್ದ ಶೆಟ್ಟರಿಗೆ ಗೊತ್ತಿರಲಿಲ್ಲ.

"ತಿಮ್ಮ, ನೀ ಬೊಂಬಾಯಿ ಕಂಡಿದ್ಯಾ?"

"ಇಲ್ಲೆ ಒಡೆಯ."

"ಹಂಗಾರ್ ಸುಮ್ನಿರ್."

ಬೊಂಬಾಯಿ ಕಾಣದ ತಿಮ್ಮ ಸುಮ್ಮನಾದ.

ಮೊದಲ ದಿನ ಗಾಜಿನ ಪೆಟ್ಟಿಗೆಯಲ್ಲಿ ಐವತ್ತೊಂದು ಮೀನುಗಳಿದ್ದವು. ಐವತ್ತು ಮಾತಿನ ಪ್ರಕಾರ, ಒಂದು ದೃಷ್ಟಿಗೆ. ಊರೆಲ್ಲ ಬಂದು ನೋಡಿತು. ನಾಲ್ಕನೆಯ ದಿನ ಮೂವತ್ತೆಂಟು. ವಾರದ ಕೊನೆಗೆ ಇಪ್ಪತ್ತು. ನೋಡಲು ಬಂದವರಲ್ಲಿ ಪಕ್ಕದ ಮನೆಯ ಪದ್ದು ಶೆಟ್ಟರೂ ಒಬ್ಬರು. ಅವರು ಊರ ದೈವಸ್ಥಾನದ ಮೊಕ್ತೇಸರರು. ನಶ್ಯ ಏರಿಸದೆ ತೀರ್ಪು ಹೇಳದ, ತೀರ್ಪು ಹೇಳದೆ ಮನೆಗೆ ಹೋಗದ ಮನುಷ್ಯ. ಅವರು ಪೆಟ್ಟಿಗೆಯ ಮೇಲಿನ ಮುಚ್ಚಳ ನೋಡಿದರು, ಕೆಳಗಿನ ಒಣ ನೆಲ ನೋಡಿದರು.

"ಭೋಜರಾಜ, ಉಳ್ದ್ ಮೀನ್ ಎಲ್ಲ್ ಹೋಯ್ತಾ?"

ಶೆಟ್ಟರು ಬಹಳ ಹೊತ್ತು ಯೋಚಿಸಿದರು.

"ಒಳ್ಗೆ," ಎಂದರು.

ಪದ್ದು ಶೆಟ್ಟರು ಜೀವಮಾನದಲ್ಲಿ ಕೇಳಿದ ಉತ್ತರಗಳಲ್ಲಿ ಅದಷ್ಟು ಸರಿಯಾದದ್ದು ಇನ್ನೊಂದಿರಲಿಲ್ಲ. ಆದರೆ ಅದು ಅವರಿಗೂ ತಿಳಿಯಲಿಲ್ಲ, ಹೇಳಿದವರಿಗೂ ತಿಳಿಯಲಿಲ್ಲ.

ದೀಪಾವಳಿಯ ಹೊತ್ತಿಗೆ ಪೆಟ್ಟಿಗೆಯಲ್ಲಿ ಉಳಿದದ್ದು ಒಂದೇ ಮೀನು. ಐವತ್ತನ್ನೂ ಒಳಗಿಟ್ಟುಕೊಂಡ ಸಮಾಧಾನ ಅದರ ಮುಖದಲ್ಲಿತ್ತು. ಚಿನ್ನದ ಬಣ್ಣ ಹೋಗಿ ಬಾಣಲೆಯ ತಳದ ಬಣ್ಣ ಬಂದಿತ್ತು. ಗೇಣುದ್ದ ಬೆಳೆದು, ಆಗಾಗ ಮೇಲೆ ಬಂದು 'ಗಳಕ್' ಎಂದು ಗಾಳಿ ನುಂಗಿ, ಗಾಜಿನಾಚೆಯ ಮನುಷ್ಯರನ್ನು ಒಬ್ಬೊಬ್ಬರನ್ನಾಗಿ ಅಳೆಯುತ್ತಿತ್ತು.

ಅದನ್ನು ಎಲ್ಲರಿಗೂ ಕೇಳುವಂತೆ ಹೆಸರು ಹಿಡಿದು ಕರೆದವಳು ಶೀನನ ಹೆಂಡತಿ ಬಾಗಿ. ಆಕೆ ಮರವಂತೆಯಿಂದ ದಿನಾ ಬೆಳಿಗ್ಗೆ ಮೀನು ಬುಟ್ಟಿ ಹೊತ್ತು ಬರುವವಳು. ಒಂದು ದಿನ ಬುಟ್ಟಿ ಇಳಿಸಿ, ಚಾವಡಿಗೆ ಇಣುಕಿ, ಕೂಗಿಯೇ ಬಿಟ್ಟಳು:

"ಹ್ವಾಯ್ ಶೆಡ್ತ್ಯಮ್ಮಾ! ಇಷ್ಟ್ ಲಾಯ್ಕ್ ಅವಲ್ ಮನಿಯಂಗೇ ಇಟ್ಕಂಡ್, ನನ್ನತ್ರ ಎಂತಕ್ಕೆ ಬಂಗ್ಡಿ ಕೇಂತ್ರಿ? ಇಕಣಿ, ಹುಳಿ ಮುಂದ್ ಮಾಡಿ ಒಂದ್ ಪದಾರ್ಥ ಮಾಡ್ರೆ ಮನಿಗೆಲ್ಲ ಆತ್ತ್!"

ಗುಲಾಬಿ ಶೆಡ್ತಿ ತಡಮಾಡುವ ಹೆಂಗಸಲ್ಲ. ಬಾಗಿ ಬುಟ್ಟಿ ಎತ್ತುವುದರೊಳಗೆ ಒಳಗೆ ಕಾಯಿ ತುರಿಯುವ ಸದ್ದು ಕೇಳಿತು. ಭೋಜರಾಜ ಶೆಟ್ಟರು ಸ್ನಾನದಿಂದ ಬರುವಾಗ ಅಕ್ಕ ಒಂದು ಕೈಯಲ್ಲಿ ಮೀನು ಜಾರದಂತೆ ಬೂದಿ, ಒಂದು ಕೈಯಲ್ಲಿ ಕತ್ತಿ ಹಿಡಿದು ಪೆಟ್ಟಿಗೆಯ ಮುಚ್ಚಳ ಸರಿಸುತ್ತಿದ್ದಳು. ಐವತ್ತು ಹೋಗಿ ಒಂದಾಗಿದೆ. ಈ ಒಂದೂ ಹೋದರೆ ಮೇ ತಿಂಗಳಲ್ಲಿ ಬೊಂಬಾಯಿಯವರಿಗೆ ತೋರಿಸುವುದೇನು? ಕುಸುಮಾವತಿಯ ಸಂಬಂಧದ ಗತಿಯೇನು? ಶೆಟ್ಟರ ಬಾಯಿಂದ ಇನ್ನೊಂದು ನಿಜ ಅವಧಿಗೆ ಮುಂಚೆ ಹೊರಬಿತ್ತು.

"ಅಕ್ಕಾ, ಮುಟ್ಬೇಡ! ಅದ್ ಹರಕಿ ಮೀನ್!"

ಕತ್ತಿ ಅಲ್ಲೇ ನಿಂತಿತು.

ಹರಕೆಯ ಕೋಳಿಯ ವಿಷಯ ನಮ್ಮ ಕಡೆ ಎಲ್ಲರಿಗೂ ಗೊತ್ತು. ದೈವಕ್ಕೆಂದು ಹೇಳಿಕೊಂಡು ಬಿಟ್ಟ ಮೇಲೆ ಅದು ಯಾರ ಅಂಗಳದ ಬತ್ತ ತಿಂದರೂ 'ಹಚಾ' ಎನ್ನುವವರಿಲ್ಲ. ಅದನ್ನು ಮಾರುವಂತಿಲ್ಲ, ಓಡಿಸುವಂತಿಲ್ಲ, ಕೊಯ್ಯುವಂತಿಲ್ಲ. ಅಂದುಕೊಂಡ ಕಾರ್ಯ ಕೈಗೂಡಿದ ದಿನವೇ ಅದಕ್ಕೂ ಕೊನೆಯ ದಿನ. ಆದರೆ ಮೀನನ್ನು ಹರಕೆ ಹೇಳಿಕೊಂಡವರನ್ನು ಊರು ಕಂಡಿರಲಿಲ್ಲ. ಪ್ರಶ್ನೆ ಪದ್ದು ಶೆಟ್ಟರ ಜಗಲಿಗೆ ಹೋಯಿತು. ಅವರು ಎರಡೂ ಮೂಗಿಗೆ ನಶ್ಯ ಏರಿಸಿ, ಸೀನಿ, ಕಣ್ಣೊರೆಸಿಕೊಂಡರು.

"ಹರಕಿ ಅಂದ್ಮೇಲೆ ಕೋಳಿ ಆದ್ರೂ ಒಂದೇ, ಮೀನ್ ಆದ್ರೂ ಒಂದೇ. ಅದ್ ಎಂತ ತಿಂದ್ರೂ ಯಾರೂ ಕೇಂಬುಕಾಗ. ಯಾರೂ ಮುಟ್ಟುಕಾಗ."

ಆ ದಿನ ಅವರ ಹನ್ನೊಂದು ಬಾತುಕೋಳಿಗಳೂ ಅಂಗಳದಲ್ಲೇ ಇದ್ದು ತೀರ್ಪು ಕೇಳಿಸಿಕೊಂಡವು.

ಸಂಕ್ರಾಂತಿ ಕಳೆದು ಒಂದು ದಿನ, ಶೆಟ್ಟರ ಬೆರಳಿಗೆಂದು ನೆಗೆದ ಮೀನು ಗುರಿ ತಪ್ಪಿ ಗಾಜಿಗೆ ಬಡಿಯಿತು. ಶೀನ ಹಚ್ಚಿದ ಮೇಣ ತಡೆಯಿತು; ಗಾಜು ತಡೆಯಲಿಲ್ಲ. ನೀರೆಲ್ಲ ಚಾವಡಿಗೆ ಹರಿದು, ಮೀನು ನೆಲದ ಮೇಲೆ ಹಾವಿನಂತೆ ಮೈ ತಿರುವುತ್ತ ದೇವರ ಕೋಣೆಯ ಕಡೆಗೆ ಹೊರಟಿತು. ಹರಕೆಯ ವಿಚಾರದಲ್ಲಿ ಅದುವರೆಗೆ ಸಂಶಯ ಇಟ್ಟುಕೊಂಡಿದ್ದವರಿಗೂ ಆ ಮೇಲೆ ಸಂಶಯ ಉಳಿಯಲಿಲ್ಲ. ತಿಮ್ಮ ಅದರ ಮೇಲೆ ಗೋಣಿ ಹಾಕಿ, ಕೈಮುಗಿದು, ಹಿತ್ತಲಿನ ಮೆಟ್ಟಿಲು ಕೆರೆಗೆ ಬಿಟ್ಟ.

ಪದ್ದು ಶೆಟ್ಟರ ಬಾತುಕೋಳಿಗಳು ತಲೆತಲಾಂತರದಿಂದ ಈಜುತ್ತಿದ್ದದ್ದು ಅದೇ ಕೆರೆಯಲ್ಲಿ. ಹನ್ನೊಂದು ಹತ್ತಾಯಿತು. ಹತ್ತು ಎಂಟಾಯಿತು. ಪದ್ದು ಶೆಟ್ಟರು ಬೇಲಿಯ ಹತ್ತಿರ ಬಂದು, ಬೇರೇನೋ ಕೇಳುವವರಂತೆ ಕೇಳಿದರು.

"ಭೋಜರಾಜ, ನಿನ್ನ್ ಮೀನ್ ಒಪ್ಪತ್ ಗಿಪ್ಪತ್ ಮಾಡತ್ತಾ?"

"ಇಲ್ಲೆ ಪದ್ದಣ್ಣ."

"ಶನಿವಾರ ಆದ್ರೂ?"

"ಗೊತ್ತಿಪ್ಪಂಗೆ ಇಲ್ಲೆ."

ತೀರ್ಪು ಕೊಟ್ಟವರು ತಾವೇ. ಪದ್ದು ಶೆಟ್ಟರು ನಶ್ಯದ ಡಬ್ಬಿ ತೆಗೆದರು, ಏರಿಸದೆ ಮುಚ್ಚಿದರು.

ಆ ಕೆರೆಯಲ್ಲಿ ಮೀನಿನ ಹೆದರಿಕೆ ಇಲ್ಲದವಳು ಕುಸುಮಾವತಿ ಒಬ್ಬಳೇ. ಬಾಗಿಯ ಬುಟ್ಟಿಯ ತಳದ ಸಿಗಡಿ ತಲೆಗಳನ್ನು ದಿನಾ ಸಂಜೆ ಕೆರೆಗೆ ಒಯ್ಯುವುದು ಅವಳ ಪಾಲಿಗೆ ಬಂದಿತ್ತು. ಕೊನೆಯ ಮೆಟ್ಟಿಲಲ್ಲಿ ಕುಳಿತು ನೀರಿಗೆ ಎರಡು ಸಲ ತಟ್ಟುತ್ತಿದ್ದಳು. ಮೀನು ಬಂದು ಅವಳ ಬೆರಳ ತುದಿಯಿಂದ ತಲೆ ತಲೆಯಾಗಿ ಎತ್ತಿಕೊಳ್ಳುತ್ತಿತ್ತು. ಕಲ್ಲು, ಚಿಪ್ಪು ಬಾಯಿಗೆ ಸಿಕ್ಕಿದರೆ 'ಥೂ' ಎಂದು ಉಗುಳುತ್ತಿತ್ತು. ಅವಳು ಯಾರಿಗೂ ಇದನ್ನು ಹೇಳಿರಲಿಲ್ಲ. ಆ ಮನೆಯಲ್ಲಿ ಮಾತಾಡಲು ಅವಳಿಗೆ ಎಡೆ ಸಿಕ್ಕಿದ್ದು ಕಡಿಮೆ.

ಫೆಬ್ರವರಿಯಲ್ಲಿ ಸರ್ಕಾರ ಬಂತು. ರಾಜ್ಯ ಒಂದಾದ ಮೇಲೆ ಮೈಸೂರಿನ ಕಡೆಯ ಅಧಿಕಾರಿಗಳು ನಮ್ಮಲ್ಲಿಗೆ ಬರತೊಡಗಿದ್ದರಷ್ಟೆ. ಹಾಗೆ ಬಂದವರಲ್ಲಿ ಒಬ್ಬರಿಗೆ ಕೆರೆಗಳಲ್ಲಿ ಮೀನು ಸಾಕಿಸುವ ಕೆಲಸ ಬಿದ್ದಿತ್ತು. ಹಣೆಗೆ ಗಂಧ, ಬಗಲಿಗೆ ಫೈಲು. ಮೀನನ್ನು ಅವರು ಕಂಡದ್ದು ಇಲಾಖೆಯ ಕರಪತ್ರದಲ್ಲಿ ಮಾತ್ರ. ಊರವರು 'ಮೀನಿನ ಸಾರ್' ಎನ್ನುತ್ತಿದ್ದರು. ಹಳ್ಳಿಯಲ್ಲೊಬ್ಬ ರೈತ ಸ್ವಂತ ಇಚ್ಛೆಯಿಂದ ಮೀನು ಸಾಕಿದ್ದಾನೆಂಬ ಸುದ್ದಿ ಕೇಳಿ ಅವರ ಕಣ್ಣು ತುಂಬಿ ಬಂದಿತ್ತು.

"ಭೋಜರಾಜ ಶೆಟ್ಟರೇ, ತಾವು ಈ ಭಾಗದ ಮಾದರಿ ಮತ್ಸ್ಯಕೃಷಿಕರು," ಎಂದು ಅವರು ಕೆರೆಯ ದಡದಲ್ಲಿ ನಿಂತು ಸಾರಿದರು. "ಸರ್ಕಾರ ತಮಗೆ ಐನೂರು ಕಾಟ್ಲಾ ಮರಿಗಳನ್ನು ಉಚಿತವಾಗಿ ಕೊಡುತ್ತಿದೆ. ತಿಮ್ಮಪ್ಪ, ಸುರಿಯಪ್ಪ."

"ಸಾರ್, ಒಳ್ಗ್ ಒಂದ್—" ಎಂದ ತಿಮ್ಮ.

"ಸುರಿ, ಸುರಿ."

ತಿಮ್ಮ ಮಡಕೆ ಬೋರಲು ಹಾಕಿದ. ಕೆರೆ ಒಂದು ಗಳಿಗೆ ಕುದಿಯಿತು. ಸುಳಿ ಎದ್ದಿತು, ನೀರು ಹಾರಿತು, ಅಧಿಕಾರಿಗಳ ಕನ್ನಡಕ ಒದ್ದೆಯಾಯಿತು. ಆಮೇಲೆ ಎಲ್ಲ ಶಾಂತವಾಯಿತು. 'ಗಳಕ್' ಎಂದು ಒಂದು ಸದ್ದು ಮಾತ್ರ.

"ಹೊಂದಿಕೊಂಡವು," ಎಂದರು ಮೀನಿನ ಸಾರ್, ಕನ್ನಡಕ ಒರೆಸುತ್ತ ಬಹಳ ತೃಪ್ತಿಯಿಂದ. ಮೇ ತಿಂಗಳಲ್ಲಿ ಬಂದು ಎಣಿಸುವುದಾಗಿ ಬರೆದುಕೊಂಡು ಹೋದರು.

ಮೇ ತಿಂಗಳು ಬಂತು. ಜೊತೆಗೆ ಬೊಂಬಾಯಿಯೂ ಬಂತು. ಬಾಡಿಗೆ ಕಾರಿನಿಂದ ರಾಜೀವ ಶೆಟ್ಟರು ಬಿಳಿ ಪ್ಯಾಂಟು, ಬಿಳಿ ಬೂಟು, ಬಿಳಿ ಹಲ್ಲು ಸಮೇತ ಇಳಿದರು. ಹಿಂದಿನಿಂದ ರತ್ನಾಕರ, ಕೈಯಲ್ಲೊಂದು ಮೀನಿನ ಕಾಳಿನ ಡಬ್ಬಿ. ಜಗಲಿಯ ಮೇಲೆ ಪದ್ದು ಶೆಟ್ಟರು ಹಿರಿಯರ ಸ್ಥಾನದಲ್ಲಿ ಕುಳಿತಿದ್ದರು. ಅವರ ಬಾತುಕೋಳಿಗಳು ಮೂರಕ್ಕೆ ಇಳಿದಿದ್ದವು. ಮೀನಿನ ಸಾರ್ ಎಣಿಕೆಯ ಪುಸ್ತಕ ಹಿಡಿದು ಬೆಳಿಗ್ಗೆಯೇ ಬಂದು ಕೆರೆಯ ದಡದಲ್ಲಿ ಕಾಟ್ಲಾಗಳಿಗಾಗಿ ಕಾಯುತ್ತಿದ್ದರು. ಎಣಿಕೆಗೆ ಬಲೆ ಬೀಸಲೆಂದು ಕರೆಸಿದ ಶೀನನೂ ಅವನ ಹೆಂಡತಿ ಬಾಗಿಯೂ ಅಲ್ಲೇ ಇದ್ದರು. ಆಕಾಶದಲ್ಲಿ ಮೋಡ ಕಟ್ಟಿತ್ತು. ಅಡುಗೆಮನೆಯಲ್ಲಿ ಗುಲಾಬಿ ಶೆಡ್ತಿಯ ಕೋಳಿ ಪದಾರ್ಥ ಕೊತಕೊತ ಕುದಿಯುತ್ತಿತ್ತು. ಪಕ್ಕದಲ್ಲಿ ಅಕ್ಕಿಯ ಒಣ ರೊಟ್ಟಿ, ಮುರಿದರೆ ಆಚೆಮನೆಗೆ ಕೇಳಿಸುವಷ್ಟು ಗರಿಗರಿ.

ಪಾನಕ ಕುಡಿಯುತ್ತಲೇ ರಾಜೀವ ಶೆಟ್ಟರು, "ನಾಳಿ ಬ್ರಹ್ಮಾವರದಂಗೆ ಇನ್ನೊಂದ್ ಹೆಣ್ಣ್ ಕಾಂಬುಕಿತ್ತ್. ಅವ್ರ್ದ್ ಅಕ್ಕಿ ಮಿಲ್ಲಂಬ್ರ್. ಎಲ್ಲ ಕಂಡ್, ಬೊಂಬಾಯಿಗ್ ಹೋಯಿ, ಕಾಗ್ದ ಬರಿತ್," ಎಂದರು.

ಕಾಗದ ಬರೆಯುತ್ತೇವೆಂದ ಸಂಬಂಧಗಳಿಂದ ಕಾಗದ ಬಂದದ್ದು ನಮ್ಮೂರಿನ ಅಂಚೆಯವನಿಗೆ ನೆನಪಿಲ್ಲ. ಬಾಗಿಲ ಸಂದಿನಲ್ಲಿ ಗುಲಾಬಿ ಶೆಡ್ತಿಯ ಮುಖ ಸಣ್ಣದಾಯಿತು.

"ಅದಿರ್ಲಿ, ನಿಮ್ಮ್ ಗಾಜಿನ್ ಪೆಟ್ಗಿ ಎಲ್ಲಿ? ಐವತ್ ಚಿನ್ನದ್ ಮೀನ್?"

"ಪೆಟ್ಗಿ ಅವ್ಕೆ ಸಾಕಾಯ್ಲಿಲ್ಲೆ," ಎಂದರು ಭೋಜರಾಜ ಶೆಟ್ಟರು. ಇದು ಮಾತ್ರ ಅಪ್ಪಟ ನಿಜ.

ಎಲ್ಲರೂ ಕೆರೆಗೆ ಹೋದರು. ಕುಸುಮಾವತಿ ಆಗಲೇ ಕೊನೆಯ ಮೆಟ್ಟಿಲಲ್ಲಿ ಸಿಗಡಿ ತಲೆಯ ಬೋಗುಣಿ ಇಟ್ಟುಕೊಂಡು ಕುಳಿತಿದ್ದಳು. ನೀರಿಗೆ ಎರಡು ಸಲ ತಟ್ಟಿದಳು. ಆಳದಿಂದ ಒಂದು ಕಪ್ಪು ಕಂಬ ಎದ್ದು ಬಂದು ಅವಳ ಬೆರಳ ಹತ್ತಿರ ನಿಂತಿತು. ರತ್ನಾಕರ ಕಾಳಿನ ಡಬ್ಬಿ ಕೆಳಗಿಟ್ಟ. ಹೆಣ್ಣು ನೋಡಲು ಬಂದದ್ದು ಅವನಿಗೆ ಮರೆತೇಹೋಗಿತ್ತು. ಮರೆತದ್ದರಿಂದಲೇ ಅವಳ ಜೊತೆ ಮಾತಾಡಿಬಿಟ್ಟ.

"ನಿಮ್ಗ್ ಕಚ್ಚುದಿಲ್ಯಾ?"

"ಸುಮ್ನೆ ಇಪ್ಪರಿಗೆ ಕಚ್ಚುದಿಲ್ಲೆ."

"ಎಂತ ತಿಂತ್ತ್?"

"ಕೊಟ್ಟದ್ದ್ ತಿಂತ್ತ್. ಕೊಡ್ದಿದ್ರೆ ಕೇಳ್ದೆ ತಿಂತ್ತ್," ಎಂದು ಅವಳು ಪದ್ದು ಶೆಟ್ಟರ ಮೂರು ಬಾತುಗಳ ಕಡೆ ನೋಡಿದಳು. ಅವನು ನಕ್ಕ. ಅವಳು ನಗಲಿಲ್ಲ, ಬೋಗುಣಿಯನ್ನು ಸ್ವಲ್ಪ ಅವನ ಕಡೆ ಸರಿಸಿದಳು.

ರಾಜೀವ ಶೆಟ್ಟರು ಮೇಲಿನ ಮೆಟ್ಟಿಲಿನಿಂದ ಬಗ್ಗಿ ನೋಡಿದರು. "ಅರೇ! ಐವತ್ ಚಿನ್ನದ್ ಮೀನಂದ್ರೆ ಇದಾ? ಒಂದೇ ಒಂದ್ ಕರಿ ಅವಲ್? ಹ್ಹ ಹ್ಹ ಹ್ಹಾ!" ಹೊಟ್ಟೆ ಹಿಡಿದು, ಬಾಯಿ ತೆರೆದು, ತಲೆ ಕೆಳಗೆ ಹಾಕಿ ನಕ್ಕರು. ನಗು ಮುಗಿಯಿತು. ಹಲ್ಲು ಎಂದಿನಂತೆ ಅರೆಕ್ಷಣ ಹೆಚ್ಚಿಗೆ ನಕ್ಕು, ಆಮೇಲೆ ಬಾಯಿಬಿಟ್ಟು ಹೊರಟೇಹೋಯಿತು.

ಬಿಳಿ ವಸ್ತುವೊಂದು ನೀರಿಗೆ ಬಿದ್ದದ್ದಷ್ಟೇ ಕಂಡಿತು. ಕಪ್ಪು ಕಂಬ ತಿರುಗಿತು. ನೀರು ಆಳೆತ್ತರ ಎದ್ದಿತು. ಎಲ್ಲರೂ ಹಿಂದೆ ಸರಿದರು, ಕುಸುಮಾವತಿ ಒಬ್ಬಳನ್ನು ಬಿಟ್ಟು. 'ಗಳಕ್.'

"ನನ್ ಹಯ್ಯ್!" ಎಂದು ರಾಜೀವ ಶೆಟ್ಟರು ಕಿರುಚಿದರು. ಬಾಯಿ ಒಳಗೆ ಹೋಗಿ ಮುಖ ಹತ್ತು ವರ್ಷ ಮುಂದೆ ಬಂದಿತ್ತು. "ನುಂಗ್ತ್! ಹಿಯೀನಿ ಅದನ್ನ! ಕೊಯೀನಿ!"

ಶೀನ ಬಲೆ ಬಿಚ್ಚಿದ. ಗುಲಾಬಿ ಶೆಡ್ತಿ ಕತ್ತಿ ತಂದಳು. ಆಗ ಪದ್ದು ಶೆಟ್ಟರು ಊರುಗೋಲು ಎತ್ತಿದರು.

"ಯಾರೂ ಮುಟ್ಟುಕಾಗ. ಹರಕಿ ಮೀನ್."

"ಹಾಂ?" ಎಂದರು ರಾಜೀವ ಶೆಟ್ಟರು.

ಪದ್ದು ಶೆಟ್ಟರು ಅವಸರವಿಲ್ಲದೆ ನಶ್ಯ ಏರಿಸಿ, ಸೀನಿ, ಭೋಜರಾಜ ಶೆಟ್ಟರ ಕಡೆ ತಿರುಗಿದರು. ಮೂರು ಬಾತುಗಳನ್ನು ಉಳಿಸಿಕೊಳ್ಳುವ ದಾರಿ ಅವರಿಗೆ ಕಾಣತೊಡಗಿತ್ತು. "ಕಾರ್ಯ ಆಯಿದ್ರೆ ಇವತ್ತೇ ಕೊಯ್ಲಕ್ಕ್. ಭೋಜರಾಜ, ಹರಕಿ ಹೇಳ್ಕಂಡದ್ದ್ ಎಂತಕ್ಕೆ?"

ಇಡೀ ಊರು ಭೋಜರಾಜ ಶೆಟ್ಟರನ್ನು ನೋಡಿತು. ಏಳು ತಿಂಗಳಿನಿಂದ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಹರಕೆಯೇ ಇಲ್ಲವೆಂದರೆ ದೈವದ ಹೆಸರಿನಲ್ಲಿ ಸುಳ್ಳು ಹೇಳಿದಂತೆ; ಇದೆಯೆಂದರೆ ಯಾವುದಕ್ಕೆಂದು ಹೇಳಬೇಕು. ಶೆಟ್ಟರು ಬಾಯಿ ತೆರೆದರು, ಮುಚ್ಚಿದರು, ಮೀನಿನ ಹಾಗೆಯೇ ಗಾಳಿ ನುಂಗಿದರು. ಕಣ್ಣು ಮೆಟ್ಟಿಲಿನ ಮೇಲೆ ಕುಳಿತ ಸೋದರಸೊಸೆಯ ಮೇಲೆ ಬಿತ್ತು.

"ಇವ್ಳ್ ಮದ್ವಿ," ಎಂದರು, ಸಣ್ಣ ಸ್ವರದಲ್ಲಿ. "ಈ ಸಂಬಂಧ ಕೂಡಿ ಬರ್ಲಿ ಅಂದೇಳಿ."

ಒಂದು ವರ್ಷದಲ್ಲಿ ಅವರು ಆಡಿದ ಮಾತುಗಳಲ್ಲಿ ಸಮಯಕ್ಕೆ ಸರಿಯಾಗಿ ನಿಜವಾದದ್ದು ಅದೊಂದೇ.

"ಆಯ್ತಲೆ," ಎಂದರು ಪದ್ದು ಶೆಟ್ಟರು. "ಸಂಬಂಧ ಕೂಡಿ ಬಪ್ಪಲ್ಲಿವರಿಗೆ ಮೀನ್ ಕೊಯ್ಯುಕಾಗ. ಮೀನ್ ಕೊಯ್ಯುವಲ್ಲಿವರಿಗೆ ಹಲ್ಲ್ ಸಿಕ್ಕುದಿಲ್ಲೆ. ನಾನ್ ಹೇಳುದಲ್ಲ, ಕಟ್ಟಳಿ."

"ಆಯೆ... ಬಯ್ಮಾವಯ..." ಎಂದು ರಾಜೀವ ಶೆಟ್ಟರು ಬ್ರಹ್ಮಾವರದ ದಿಕ್ಕಿಗೆ ಕೈ ತೋರಿಸಿದರು.

"ಬ್ರಹ್ಮಾವರಕ್ಕ್ ಹೋಯ್ನಿ ಮರಾಯ್ರೆ. ಹೀಂಗೇ ಹೋಯ್ನಿ. ಮಿಲ್ಲಿನರ್ ಬಾಯಿ ಕಾಣ್ದೆ ಇಪ್ಪುದಿಲ್ಲೆ," ಎಂದರು ಪದ್ದು ಶೆಟ್ಟರು.

ಅದೇ ಹೊತ್ತಿಗೆ ಗಾಳಿ ತಿರುಗಿ ಅಡುಗೆಮನೆಯ ಕೋಳಿ ಪದಾರ್ಥದ ಪರಿಮಳ ಕೆರೆಯ ತನಕ ಬಂತು. ಒಳಗೆ ಯಾರೋ ಒಂದು ರೊಟ್ಟಿ ಮುರಿದರು, ಕೆರೆಗೆ ಕೇಳಿಸಿತು. ರಾಜೀವ ಶೆಟ್ಟರ ಕಣ್ಣಲ್ಲಿ ನೀರು ಬಂತು. ರತ್ನಾಕರ ಜೀವಮಾನದಲ್ಲಿ ಮೊದಲ ಬಾರಿಗೆ ಮಾವನ ಮಾತಿಗೆ ಕಾಯದೆ, "ಮಾವಯ್ಯ, ನಂಗ್ ಅಡ್ಡಿಲ್ಲೆ. ಹೂಂ ಅನ್ನಿ," ಎಂದ.

"ನಂಗ್ ಮಾತಾಯುಕೆ ಬತ್ತಿಯ್ಯೆ!"

"ಹೂಂ ಅಂಬುಕೆ ಹಲ್ಲ್ ಬೇಡ," ಎಂದರು ಪದ್ದು ಶೆಟ್ಟರು.

ರಾಜೀವ ಶೆಟ್ಟರು ಕೆರೆ ನೋಡಿದರು, ಅಡುಗೆಮನೆ ನೋಡಿದರು.

"ಹೂಂ," ಎಂದರು.

"ಜೋರಾಯಿ! ಹತ್ ಜನ್ಕೆ ಕೇಣ್ಕ್!"

"ಹೂಂ! ಹೂಂ! ಹೂಂ!"

ಕೆರೆಯಲ್ಲಿ ಎಣಿಸಲು ಏನೂ ಸಿಗದೆ ಕುಳಿತಿದ್ದ ಮೀನಿನ ಸಾರ್‌ಗೆ ಕಡೆಗೂ ಒಂದು ಕೆಲಸ ಸಿಕ್ಕಿತು. ಎಣಿಕೆಯ ಪುಸ್ತಕದಲ್ಲಿ ದಿನಾಂಕ ಹಾಕಿ, 'ವರನ ಸೋದರಮಾವನವರು ಮೂರು ಬಾರಿ ಸಮ್ಮತಿಸಿದರು' ಎಂದು ಬರೆದು, ಕೆಳಗೆ ರುಜು ಮಾಡಿ, ಅಭ್ಯಾಸಬಲದಿಂದ ಮೊಹರು ಒತ್ತಿದರು. ಅಲ್ಲೇ ವೀಳ್ಯ ಬದಲಾಯಿತು.

ಆಗ ಮಳೆ ಬಂತು. ಮುಂಗಾರಿಗೆ ಮುಂಚಿನ ಆ ದಪ್ಪ ಹನಿಯ ಮಳೆ. ಅದರಲ್ಲೇ ಶೀನ ಬಲೆ ಬೀಸಿದ. ಬಲೆ ಮೇಲೆ ಬಂತು, ಮೀನೂ ಬಂತು, ಮೆಟ್ಟಿಲಿಗೆ ಬರುವಾಗ ಬಲೆಯಲ್ಲಿ ಒಂದು ಬಾಗಿಲಷ್ಟು ಜಾಗ ಮಾಡಿಕೊಂಡು ಇಳಿಯಿತು. ಒದ್ದೆ ಹುಲ್ಲಿನ ಮೇಲೆ ಮೈ ತಿರುವುತ್ತ, ಮೀನಿನ ಸಾರ್‌ರ ಎರಡು ಕಾಲಿನ ನಡುವಿನಿಂದ ದಾಟಿ — ಅವರು ಆ ದಿನ ಮೊದಲ ಬಾರಿಗೆ ಮೀನನ್ನು ಸಮೀಪದಿಂದ ಕಂಡು ಕಣ್ಣು ಮುಚ್ಚಿಕೊಂಡರು — ಅಂಚು ಹತ್ತಿ, ತೋಡಿಗೆ ಬಿದ್ದು, ಹೊಳೆಯ ಕಡೆಗೆ ಹೋಯಿತು. ಹಿಡಿಯಲು ಯಾರೂ ಕೈ ಚಾಚಲಿಲ್ಲ. ಹರಕೆಯ ಮೀನಲ್ಲವೇ!

ಪದ್ದು ಶೆಟ್ಟರು ಹೊಳೆಯ ಕಡೆ ಕೈಮುಗಿದರು. "ದೈವ ತಾನೇ ಬಂದ್ ತಕಂಡ್ ಹೋಯ್ತ್. ಹರಕಿ ಸಂದಿತ್." ಎಂದವರೇ ಬಾತುಗಳನ್ನು ಎಣಿಸಿದರು. ಮೂರು. ನೆಮ್ಮದಿಯ ಒಂದು ಸೀನು ಸೀನಿದರು.

"ನನ್ ಹಯ್ಯ್...!" ಎಂದು ರಾಜೀವ ಶೆಟ್ಟರು ಮಳೆಯಲ್ಲೇ ಮೆಟ್ಟಿಲ ಮೇಲೆ ಕುಸಿದರು.

ಆಗ ಕುಸುಮಾವತಿ ಒಳಗಿನಿಂದ ಬಂದಳು. ಕೈಯಲ್ಲಿ ಹಿತ್ತಾಳೆಯ ತಟ್ಟೆ, ತಟ್ಟೆಯಲ್ಲಿ ವೀಳ್ಯದೆಲೆ, ಎಲೆಯ ಮೇಲೆ ಬಿಸಿನೀರಿನಲ್ಲಿ ತೊಳೆದು ಒರೆಸಿಟ್ಟ ಹಲ್ಲು, ಬೊಂಬಾಯಿಯಲ್ಲಿ ಹೊಳೆದದ್ದಕ್ಕಿಂತ ಹೆಚ್ಚಾಗಿ ಹೊಳೆಯುತ್ತಿತ್ತು.

"ಕೆಳ್ಗಿನ್ ಮೆಟ್ಲಂಗೆ ಇದ್ದಿತ್. ಅದ್ಕ್ ರುಚಿ ಹಿಡಿಲಿಲ್ಲೆ, ಉಗ್ದ್ ಹೋಯ್ತ್."

"ಯಾವತ್ತಿಗ್ ಸಿಕ್ತೇ ನಿಂಗೆ?" ಎಂದಳು ಗುಲಾಬಿ ಶೆಡ್ತಿ.

ಕುಸುಮಾವತಿ ತಲೆ ತಗ್ಗಿಸಿದಳು. "ಮಾವಯ್ಯ ಹೂಂ ಅಂದ್ಮೇಲೆ."

ಮಳೆ ಬರುವುದಕ್ಕೆ ಬಹಳ ಮುಂಚೆಯೇ ಅವಳ ಸೆರಗಿನ ಗಂಟು ಒದ್ದೆಯಾಗಿತ್ತೆಂದು ಬಾಗಿ ಮರುದಿನದಿಂದ ಬುಟ್ಟಿಯ ಜೊತೆ ಮನೆಮನೆಗೆ ಹೊತ್ತು ತಿರುಗಿದಳು. ಆದರೆ ರಾಜೀವ ಶೆಟ್ಟರು ಅಷ್ಟು ಹೊತ್ತಿಗೆ ಒಂಬತ್ತನೆಯ ರೊಟ್ಟಿ ಮುರಿದು, ಈ ಮನೆಯ ಅಡುಗೆಯ ಸಮಕ್ಕೆ ಯಾವ ಅಕ್ಕಿ ಮಿಲ್ಲೂ ಬಾರದೆಂದು ಹೇಳಿಯಾಗಿತ್ತು. ಹೇಳುವಾಗ ನಗಲಿಲ್ಲ.

ರಜೆ ಮುಗಿಯುವುದರೊಳಗೆ ಮದುವೆ ಆಯಿತು. ಆಷಾಢಕ್ಕೆ ಮದುಮಗಳು ಪದ್ಧತಿಯಂತೆ ತವರಿಗೆ ಬಂದಳು. ಶ್ರಾವಣದಲ್ಲಿ ರತ್ನಾಕರ ಕರೆದೊಯ್ಯಲು ಬಂದಾಗ ಭೋಜರಾಜ ಶೆಟ್ಟರು ಸೊಸೆಯ ಕೈಗೆ ಉಪ್ಪಿನಕಾಯಿಯ ದೊಡ್ಡ ಬಾಟಲಿಯೊಂದನ್ನು ಇಟ್ಟರು. ಒಳಗೆ ಕೆಂಡದ ಬಣ್ಣದ ಮೂವತ್ತು ಪುಟ್ಟ ಮೀನುಗಳು.

"ಹ್ವಾದ್ ಸಲದ್ದ್ ಕೆಟ್ಟ್ ಜಾತಿ," ಎಂದರು. "ಈ ಸಲದ್ದ್ ಅಸಲ್ ಚಿನ್ನ. ನಿಮ್ಮ್ ಮಾವಯ್ಯನ್ ತೊಟ್ಟಿಗ್ ಬಿಡಿ."

ಪಂಚೆ ಹಿಂಡುತ್ತ ನಿಂತಿದ್ದ ತಿಮ್ಮ, "ಒಡೆಯ, ಅದ್—" ಎಂದು ಶುರುಮಾಡಿ, ತಾನು ಬೊಂಬಾಯಿ ಕಾಣದವನೆಂಬುದು ನೆನಪಾಗಿ ನಿಲ್ಲಿಸಿದ. ಮೀನಿನ ವಿಷಯ ತಿಳಿದ ರತ್ನಾಕರ ಆ ಹೊತ್ತಿನಲ್ಲಿ ಹೆಂಡತಿಯನ್ನು ನೋಡುತ್ತಿದ್ದನೇ ಹೊರತು ಬಾಟಲಿಯನ್ನಲ್ಲ. ಕುಸುಮಾವತಿ ಬಾಟಲಿಯನ್ನೂ ನೋಡಿದಳು, ತಿಮ್ಮನನ್ನೂ ನೋಡಿದಳು. ಬಾಟಲಿಯ ಬಾಯಿಗೆ ತೆಳು ಬಟ್ಟೆ ಕಟ್ಟಿ, ಮಡಿಲಲ್ಲಿಟ್ಟುಕೊಂಡು ಬಸ್ಸು ಹತ್ತಿದಳು.

ಒಂದು ತಿಂಗಳು ಕಳೆದು ರಾಜೀವ ಶೆಟ್ಟರ ಕಾರ್ಡು ಬಂತು. 'ನಾವೆಲ್ಲ ಕ್ಷೇಮ. ನಮ್ಮ ನಲವತ್ತು ಮೀನಿನ ಜೊತೆ ತಾವು ಕಳಿಸಿದ ಮೂವತ್ತು ಸೇರಿಸಿ ಬಿಟ್ಟೆವು, ಒಟ್ಟು ಎಪ್ಪತ್ತು. ಹೋದ ವಾರ ನಲವತ್ತೆಂಟು. ನಿನ್ನೆ ಇಪ್ಪತ್ತೆರಡು. ಇಂದು ಹದಿನೇಳು. ತೊಟ್ಟಿಗೆ ಮುಚ್ಚಳ ಹಾಕಿಯೇ ಇದೆ. ನೆಲವೂ ಒಣಗಿದೆ. ಎಲ್ಲಿಗೆ ಹೋಗುತ್ತವೆ, ಕೂಡಲೇ ತಿಳಿಸುವುದು.'

ಭೋಜರಾಜ ಶೆಟ್ಟರು ಮೂರು ದಿನ ಯೋಚಿಸಿದರು. ಆಮೇಲೆ ಅಂಚೆಮನೆಗೆ ಹೋಗಿ ಒಂದು ಕಾರ್ಡು ತಂದು, ವಿಳಾಸವನ್ನು ದೊಡ್ಡದಾಗಿ ಬರೆದು, ಹಿಂಬದಿಯಲ್ಲಿ ಒಂದೇ ಮಾತು ಬರೆದರು:

'ಒಳ್ಗೆ.'